ಇಕ್ಕಟ್ಟಿನ ಜಿಐ ಪೈಪು: ಗ್ರೈಂಡರ್ ಬಿಟ್ಟು ಬ್ಲೇಡು ಹಿಡಿದ ನನ್ನ ಅನುಭವ

ಮಲ್ಲೇಶ್ವರದ ಹಳೆಯ ಮನೆಯೊಂದರ ಬಚ್ಚಲಿನಲ್ಲಿ ಕಳೆದ ತಿಂಗಳು ಹದಿನಾಲ್ಕು ಕಡೆ ಜಿಐ ಪೈಪು, ಅಂದರೆ ಸತುವಿನ ಲೇಪದ ಕಬ್ಬಿಣದ ಪೈಪು, ಕತ್ತರಿಸಿ ತೆಗೆದೆ. ಡಿಸ್ಕು ತಿರುಗಿಸಿ ಲೋಹ ಕತ್ತರಿಸುವ ಗ್ರೈಂಡರನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲಿಲ್ಲ, ಉಳಿಸಿಕೊಳ್ಳಬೇಕಿದ್ದ ಗೋಡೆಯಲ್ಲಿ ಒಂದು ಟೈಲೂ ಬಿರಿಯಲಿಲ್ಲ. ಎರಡು ವರ್ಷಗಳಿಂದ ನನ್ನ ಕೈಬ್ಲೇಡನ್ನು ಕಂಡಾಗಲೆಲ್ಲ “ಏನು ಸಾಮಿ, ಇವತ್ತೂ ಪಿಟೀಲು ಕಛೇರಿಯಾ?” ಎಂದು ಕೇಳುತ್ತಿದ್ದ ಮೇಸ್ತ್ರಿಯೇ ಈ ಸಲ ನಿಂತು ನೋಡಿದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಯೂನಿಯನ್ (ಪೈಪು ತಿರುಗಿಸದೆ ಬಿಚ್ಚಬಹುದಾದ ಜೋಡಣೆ) ಇಲ್ಲದ ಹಳೆಯ ಲೈನನ್ನು ಕತ್ತರಿಸದೆ ಬಿಚ್ಚಲಾಗದು ಎಂಬುದು ಎಲ್ಲರಿಗೂ ತಿಳಿದದ್ದೇ. ತೊಂದರೆ ಇರುವುದು ಜಾಗದಲ್ಲಿ. ಪೈಪಿನ ಹಿಂದೆ ಒಂದು ಬೆರಳಿನಷ್ಟು ಸಂದು, ಪಕ್ಕದಲ್ಲಿ ಬಿಸಿನೀರಿನ ಇನ್ನೊಂದು ಪೈಪು, ಮೇಲೆ ಕಲ್ಲಿನ ಚಪ್ಪಡಿ. ನಾಲ್ಕು ಇಂಚಿನ ಗ್ರೈಂಡರಿನಲ್ಲಿ ತಲೆಯ ಭಾಗ ಅಡ್ಡ ಬರುವುದರಿಂದ ಡಿಸ್ಕು ಒಳಗಿಳಿಯುವುದು ಹೆಚ್ಚೆಂದರೆ ಮೂರು ಸೆಂಟಿಮೀಟರ್. ಅರ್ಧ ಇಂಚಿನ ಪೈಪಿನ ಹೊರವ್ಯಾಸ 21 ಮಿಲಿಮೀಟರಿನ ಆಸುಪಾಸು ಇರುವುದರಿಂದ ಲೆಕ್ಕಕ್ಕೆ ಸಾಕು ಎನಿಸುತ್ತದೆ, ಆದರೆ ಡಿಸ್ಕಿನ ರಕ್ಷಣೆಯ ಗಾರ್ಡ್ ತೆಗೆಯದೆ ಅದು ಆ ಸಂದಿಗೆ ಹೋಗುವುದಿಲ್ಲ. ಗಾರ್ಡ್ ತೆಗೆದೇ ನಾನು ಮೊದಲ ಪಾಠ ಕಲಿತೆ. ಪೈಪು ಮುಕ್ಕಾಲು ಕತ್ತರಿಸಿದಾಗ ಮೇಲಿನ ತುಂಡು ತನ್ನ ಭಾರಕ್ಕೆ ಒಂದು ಕೂದಲಿನಷ್ಟು ಕೆಳಗೆ ಕೂತು ಡಿಸ್ಕನ್ನು ಹಿಡಿದುಕೊಂಡಿತು. ಡಿಸ್ಕು ಮೂರು ಚೂರಾಯಿತು. ಒಂದು ಚೂರು ವಾಶ್‌ಬೇಸಿನ್ ಒಡೆಯಿತು, ಇನ್ನೊಂದು ನನ್ನ ಕಿವಿಯ ಪಕ್ಕದಲ್ಲಿ ಹಾದುಹೋಯಿತು, ಮೂರನೆಯದು ಎಲ್ಲಿ ಹೋಯಿತೋ ಇಂದಿಗೂ ಸಿಕ್ಕಿಲ್ಲ. ಬೇಸಿನ್ನಿಗೆ ನಾಲ್ಕೂವರೆ ಸಾವಿರ ಕೈಯಿಂದ ಕೊಟ್ಟೆ.

ಆ ಬಳಿಕ ಹಾರ್ಡ್‌ವೇರ್ ಅಂಗಡಿಗಳ ಎಸ್.ಜೆ.ಪಿ. ರಸ್ತೆಗೆ ಹೋಗಿ ನಾಲ್ಕು ಚಕ್ರದ ಪೈಪ್ ಕಟರ್ ತಂದೆ, ಮೂರು ಸಾವಿರದ ಚಿಲ್ಲರೆ ಕೊಟ್ಟ ನೆನಪು. ಅದನ್ನು ಪೂರ್ತಿ ಸುತ್ತಬೇಕಿಲ್ಲ, ಸ್ವಲ್ಪ ಹಿಂದೆ ಮುಂದೆ ಆಡಿಸಿದರೆ ಸಾಕು. ಪೈಪುಗಳು ಇಳಿಯುವ ತೆರೆದ ಡಕ್ಟಿನಲ್ಲಿ ಒಳ್ಳೆಯ ಕೆಲಸಗಾರ, ಆದರೆ ಗೋಡೆಯೊಳಗಿನ ಪೈಪಿನ ಹಿಂದಕ್ಕೆ ಅದರ ದವಡೆಯೇ ಹೋಗುವುದಿಲ್ಲ. ಮುಂದೆ ಬಾಡಿಗೆಗೆ ತಂದ, ಬ್ಲೇಡು ಹಿಂದೆ ಮುಂದೆ ಓಡುವ ರೆಸಿಪ್ರೊಕೇಟಿಂಗ್ ಗರಗಸ ಹೆಚ್ಚು ಹಾನಿ ಮಾಡಿತು. ಪೈಪು ನಿಮಿಷದಲ್ಲಿ ತುಂಡಾಯಿತು, ಆದರೆ ಅದರ ನಡುಕಕ್ಕೆ ಎರಡು ಅಡಿ ಮೇಲಿನ ತುಕ್ಕು ಹಿಡಿದ ಎಲ್ಬೋ (ಮೂಲೆಯ ಜೋಡಣೆ) ಥ್ರೆಡ್ಡಿನಲ್ಲಿ, ಅಂದರೆ ತಿರುಪಿನ ಸುತ್ತಿನಲ್ಲಿ, ಸೀಳಿತ್ತು. ಮೂರು ದಿನದ ಮೇಲೆ ಹಿಂಬದಿಯ ಮಲಗುವ ಕೋಣೆಯ ಗೋಡೆ ಒದ್ದೆಯಾದಾಗ ಅದು ತಿಳಿಯಿತು. ಪ್ಲಾಸ್ಟರು, ಪೇಂಟು ಸೇರಿ ಹನ್ನೆರಡು ಸಾವಿರದ ಹತ್ತಿರ ಹೋಯಿತು. ಯಂತ್ರದ ಬಾಡಿಗೆ ಬೇರೆ.

ಈಗ ನಾನು ಮಾಡುವುದು ಇಷ್ಟೇ. ಬೈಮೆಟಲ್ (ಎರಡು ಲೋಹ ಬೆಸೆದ) ಹ್ಯಾಕ್ಸಾ ಬ್ಲೇಡಿನ ಅರ್ಧ ತುಂಡನ್ನು, ಉದ್ದಕ್ಕೆ ಸೀಳಿದ ಗೇಣುದ್ದದ ಪೈಪಿನಲ್ಲಿ ಸಿಕ್ಕಿಸಿ ಎರಡು ಹೋಸ್ ಕ್ಲಿಪ್ಪಿನಿಂದ ಬಿಗಿಯುತ್ತೇನೆ, ಆ ಪೈಪೇ ಹಿಡಿ. ಹಲ್ಲು ನನ್ನ ಕಡೆಗೆ ತಿರುಗಿರಬೇಕು, ಅಂದರೆ ಎಳೆಯುವಾಗ ಕಡಿಯಬೇಕು. ಫ್ರೇಮಿಲ್ಲದ ಬ್ಲೇಡನ್ನು ತಳ್ಳಿದರೆ ಅದು ಬಾಗಿ ಮುರಿಯುತ್ತದೆ. ಇಂಚಿಗೆ 18 ಹಲ್ಲಿನದು ತೆಳು ಗೋಡೆಯನ್ನು ಕಚ್ಚಿ ಹಲ್ಲು ಉದುರಿಸಿಕೊಳ್ಳುತ್ತದೆ. ಪೈಪು ಗಟ್ಟಿಯಾಗಿದ್ದರೆ 24, ತುಕ್ಕು ತಿಂದು ತೆಳ್ಳಗಾಗಿದ್ದರೆ 32. ಬ್ಲೇಡನ್ನು ಹಿಡಿಯಲ್ಲಿ ಯಾವ ಓರೆಯಲ್ಲಿ ಕೂರಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳಲಾರೆ, ಅದಕ್ಕೆ ಹನ್ನೊಂದು ಬ್ಲೇಡು ಬಲಿ ಕೊಟ್ಟಿದ್ದೇನೆ.

ಬ್ಲೇಡಿಗಿಂತ ಮುಖ್ಯವಾದದ್ದು ಬೆಣೆ. ಕತ್ತರಿಸುವ ಗೆರೆಯ ಮೇಲೆ ಮತ್ತು ಕೆಳಗೆ ನಾಲ್ಕು ಬೆರಳು ಬಿಟ್ಟು, ಪೈಪಿಗೂ ಗೋಡೆಗೂ ನಡುವೆ ತೇಗದ ಚೂರಿನ ಬೆಣೆಗಳನ್ನು ಕೈಯಿಂದಲೇ ಒತ್ತಿ ಕೂರಿಸುತ್ತೇನೆ, ಸುತ್ತಿಗೆ ಮುಟ್ಟಿಸುವುದಿಲ್ಲ. ನಡುಕ ಅಲ್ಲಿಗೇ ನಿಲ್ಲುತ್ತದೆ, ಎಲ್ಬೋವರೆಗೆ ಹೋಗುವುದಿಲ್ಲ. ಎಣ್ಣೆಯ ವಿಷಯದಲ್ಲೂ ಸ್ವಲ್ಪ ಆಟವಾಡಿದ್ದೇನೆ. ಸೀಮೆಎಣ್ಣೆ ಮುಚ್ಚಿದ ಬಚ್ಚಲಿನಲ್ಲಿ ತಲೆನೋವು ತಂದಿತು, ಕೊಬ್ಬರಿ ಎಣ್ಣೆ ಚಳಿಗಾಲದ ಬೆಳಿಗ್ಗೆ ಡಬ್ಬಿಯಲ್ಲೇ ಗಟ್ಟಿಯಾಗಿ ಕೂತಿತು, ಕೊನೆಗೆ ಒದ್ದೆ ಮಾಡಿದ ಬಟ್ಟೆಸೋಪಿನ ಚೂರೇ ಗೆದ್ದಿತು. ನೈಲಾನ್ ದಾರದಿಂದ ಪಿವಿಸಿ ಕೊಯ್ಯುವ ಹಾಗೆ, ಕಾರ್ಬೈಡ್ ಪುಡಿ ಹತ್ತಿಸಿದ ದುಂಡು ತಂತಿಯಿಂದ ಜಿಐ ಕೊಯ್ಯಲೂ ನೋಡಿದೆ. ಇಪ್ಪತ್ತು ನಿಮಿಷ ಉಜ್ಜಿದ ಮೇಲೆ ಬೆರಳಿನಲ್ಲಿ ಗುಳ್ಳೆ ಎದ್ದಿತು, ಪೈಪಿನ ಮೇಲೆ ಬರಿಯ ಹೊಳಪು ಬಂದಿತ್ತು.

ಒಂದೇ ಕಟ್ ಹಾಕಿ ನಾನು ಬಹಳ ಸಲ ಮೋಸ ಹೋಗಿದ್ದೇನೆ. ಪೈಪಿನ ತುದಿ ತಿರುಗಿ ಕೂರುವ ಸಾಕೆಟ್ಟಿನೊಳಗೆ ಸುಮಾರು ಅರ್ಧ ಇಂಚು ಥ್ರೆಡ್ ಇರುತ್ತದೆ. ಬಿಚ್ಚುವಾಗ ಪೈಪು ಅಷ್ಟು ಹಿಂದೆ ಸರಿಯಬೇಕು, ಗೋಡೆಯಲ್ಲಿ ಹೂತಿರುವ ಪೈಪಿಗೆ ಸರಿಯಲು ಜಾಗವೇ ಇಲ್ಲ. ಆದ್ದರಿಂದ ಒಂದೂವರೆ ಇಂಚು ಅಂತರದಲ್ಲಿ ಎರಡು ಕಟ್ ಹಾಕಿ ನಡುವಿನ ಉಂಗುರವನ್ನು ಹೊರಗೆ ತೆಗೆಯುತ್ತೇನೆ, ಆಮೇಲೆ ಪೈಪ್ ರೆಂಚ್. ಮೊದಲು ಒಂದು ಕಟ್ಟಿಗೆ ನಲವತ್ತು ನಿಮಿಷ ಹಿಡಿಯುತ್ತಿತ್ತು, ಈಗ ಹನ್ನೆರಡು ಹದಿಮೂರರಲ್ಲಿ ಮುಗಿಯುತ್ತದೆ. ತೊಂಬತ್ತು ರೂಪಾಯಿಯ ಒಂದು ಬ್ಲೇಡಿನ ಎರಡು ತುಂಡುಗಳಿಂದ ಐದಾರು ಕಟ್ ಬರುತ್ತವೆ.

ಇನ್ನೊಂದು ಸಂಗತಿಯನ್ನು ಹಳೆಯ ಮನೆಗಳಲ್ಲಿ ಕೆಲಸ ಮಾಡುವವರಿಗೆ ಹೇಳಲೇಬೇಕು. ಆಗಿನ ಕಾಲದಲ್ಲಿ ಅರ್ಥಿಂಗ್ ತಂತಿಯನ್ನು ನೀರಿನ ಪೈಪಿಗೇ ಸುತ್ತಿ ಬಿಡುತ್ತಿದ್ದರು. ಪೈಪು ತುಂಡಾದ ಕ್ಷಣ ಆ ಅರ್ಥಿಂಗ್ ಕಡಿಯುತ್ತದೆ, ಎಲ್ಲೋ ಸೋರುತ್ತಿರುವ ಗೀಸರಿನ ಕರೆಂಟು ಒಂದು ತುದಿಯಲ್ಲಿ ಕಾಯುತ್ತಿರುತ್ತದೆ, ಎರಡೂ ತುದಿ ನಿಮ್ಮ ಎರಡು ಕೈಯಲ್ಲಿರುತ್ತವೆ. ಇಡೀ ಮನೆಯ ಮೇನ್ ಆಫ್ ಆಗಿದೆ ಎಂದು ಮನೆಯವರು ಹೇಳಿದ್ದನ್ನು ನಂಬಿ ಹೊಡೆಸಿಕೊಂಡ ಶಾಕಿಗೆ ನನ್ನ ಮೊಣಕೈ ಒಂದು ವಾರ ಜುಮ್ಮೆನ್ನುತ್ತಿತ್ತು. ಮೇಲಿನ ಮಹಡಿಗೆ ಬೇರೆ ಮೀಟರ್ ಇತ್ತು. ಈಗ ಎರಡೂ ಮೇನ್ ನಾನೇ ಇಳಿಸುತ್ತೇನೆ, ಟೆಸ್ಟರ್ ಮುಟ್ಟಿಸುತ್ತೇನೆ, ಕಟ್ಟಿನ ಎರಡೂ ಬದಿಗೆ ಪೈಪನ್ನು ಕೆರೆದು ಹೊಳಪು ಬರಿಸಿ ದಪ್ಪ ತಾಮ್ರದ ತಂತಿಯನ್ನು ಕ್ಲಿಪ್ಪಿನಿಂದ ಬಿಗಿದ ಮೇಲೆಯೇ ಬ್ಲೇಡು ಇಡುತ್ತೇನೆ. ಹೊಸ ಅರ್ಥಿಂಗ್ ಆಗುವವರೆಗೆ ಆ ತಂತಿ ಅಲ್ಲೇ ಇರುತ್ತದೆ.

ಮಲ್ಲೇಶ್ವರದಲ್ಲಿ ಕೊನೆಯ ಪೈಪು ಸಾಕೆಟ್ಟಿನ ಬಾಯಿಯಲ್ಲೇ ಮುರಿಯಿತು, ರೆಂಚಿಗೆ ಹಿಡಿಯಲು ಏನೂ ಉಳಿಯಲಿಲ್ಲ. ಗೋಡೆ ಒಡೆಯೋಣ ಎಂದು ಮೇಸ್ತ್ರಿ ಸುತ್ತಿಗೆ ಎತ್ತಿಯಾಗಿತ್ತು. ತಡೆದು, ಬ್ಲೇಡಿನ ತುದಿಯನ್ನು ಒಳಗೆ ತೂರಿಸಿ, ಉಳಿದ ತುಂಡಿನಲ್ಲಿ ಬೆರಳಗಲದ ಅಂತರದಲ್ಲಿ ಎರಡು ಸೀಳು ಹಾಕಿದೆ. ಸಾಕೆಟ್ಟಿನ ಥ್ರೆಡ್ಡಿನ ನೆತ್ತಿ ಬೆಳ್ಳಗೆ ಮಿನುಗಿದಾಗ ಕೈ ನಿಲ್ಲಿಸಿ, ಸಣ್ಣ ಉಳಿಯಿಂದ ನಡುವಿನ ಪಟ್ಟಿಯನ್ನು ಒಳಮುಖವಾಗಿ ಮಡಚಿದೆ. ಉಳಿದದ್ದು ತೆಂಗಿನ ಕರಟದ ಚೂರಿನಂತೆ ಸಡಿಲವಾಗಿ ಕೈಗೆ ಬಂತು. ಅದೇ ಸಾಕೆಟ್ಟಿಗೆ ಹಿತ್ತಾಳೆಯ ಥ್ರೆಡ್ಡಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಅಡಾಪ್ಟರ್ ಕೂರಿಸಿ ನೀರು ಬಿಟ್ಟೆವು, ಮರುದಿನ ಬೆಳಿಗ್ಗೆವರೆಗೆ ಒಂದು ಹನಿಯೂ ಇಳಿಯಲಿಲ್ಲ. ಮೇಸ್ತ್ರಿ ಹಿಡಿಯನ್ನು ಒಂದು ವಾರಕ್ಕೆಂದು ಎರವಲು ಕೇಳಿದರು. ಬ್ಲೇಡು ಬಿಚ್ಚಿಕೊಂಡು ಹಿಡಿ ಮಾತ್ರ ಕೊಟ್ಟಿದ್ದೇನೆ.