ವರ್ಷದ ಬಾಡಿಗೆ ಒಂದೇ ಏಟಿಗೆ ಕಟ್ಟಿದ್ದು: ನನ್ನ ಅನುಭವ

ಅಡಿಕೆ ಸುಲಿಯೋ ಮಷಿನ್ ಇಟ್ಕೊಂಡು ಶಿವಮೊಗ್ಗದಲ್ಲಿ ಬಾಡಿಗೆ ಮನೇಲಿರೋರಿಗೆ ನಮ್ಮ ಪಾಡು ಹೇಳ್ಬೇಕಾಗಿಲ್ಲ. ದೀಪಾವಳಿ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ ಕಡೆ ಹೋದ್ರೆ ಸಂಕ್ರಾಂತಿ ಕಳಿಯೋತನಕ ನಿದ್ದೆ ಇಲ್ಲ, ಮಳೆಗಾಲ ಬಂದ್ರೆ ಜೇಬಲ್ಲಿ ಕಾಸಿಲ್ಲ, ಆದ್ರೆ ಓನರ್‌ಗೆ ಮಾತ್ರ ಐದನೇ ತಾರೀಕು ಅಂದ್ರೆ ಐದನೇ ತಾರೀಕೇ.

ಗೋಪಾಳದಲ್ಲಿ 8,500 ಬಾಡಿಗೆ ಇತ್ತು. ಜೂನಿಂದ ಅಕ್ಟೋಬರ್‌ವರೆಗೂ ಕೈಸಾಲ ಮಾಡೇ ಕಟ್ತಿದ್ದೆ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ಜನವರೀಲಿ ತೀರ್ಸೋವಾಗ ಬಡ್ಡಿನೇ ಆರು ಸಾವಿರ ಚಿಲ್ಲರೆ ಆಗ್ತಿತ್ತು.

ಪಿಗ್ಮಿ (ಏಜೆಂಟ್ ದಿನಾ ಬಂದು ಇಸ್ಕೊಳ್ಳೋ ಸಣ್ಣ ಉಳಿತಾಯ) ಕಟ್ಟಿ ನೋಡ್ದೆ. ದುಡ್ಡಿರೋ ಟೈಮಲ್ಲಿ ನಾನು ಯಾವ್ದೋ ಹಳ್ಳಿ ಕಣದಲ್ಲಿ, ಏಜೆಂಟ್ ಪೇಟೇಲಿ. ಅವ್ನು ಸಿಗೋ ಹೊತ್ತಿಗೆ ನನ್ ಹತ್ರ ದುಡ್ಡಿಲ್ಲ. ಆಮೇಲೆ ಭೋಗ್ಯಕ್ಕೆ ಹೋದ್ವಿ. ಹೆಂಡ್ತಿ ಒಡವೆ ಅಡ ಇಟ್ಟು, ಭಾವನ ಹತ್ರ ಒಂದಿಷ್ಟು ಇಸ್ಕೊಂಡು ಮೂರೂವರೆ ಲಕ್ಷ ಕೊಟ್ವಿ, ಬಾಡಿಗೆ ಇಲ್ಲ ಅಂತ ಎರಡು ವರ್ಷ ಆರಾಮಾಗಿದ್ವಿ. ಅವಧಿ ಮುಗಿದ ಮೇಲೆ ಓನರು "ಮುಂದಿನ ಪಾರ್ಟಿ ಬರ್ಲಿ, ಅವರ ದುಡ್ಡಲ್ಲೇ ನಿಮ್ದು ಕೊಡ್ತೀನಿ" ಅಂದ. ಕೈಗೆ ಬರೋಕೆ ಏಳೆಂಟು ತಿಂಗಳು ಹಿಡೀತು, ಒಡವೆ ಬಡ್ಡಿ ಮಾತ್ರ ನಿಲ್ಲಲಿಲ್ಲ. ಭೋಗ್ಯ ಚೆನ್ನಾಗಿದೆ ಅನ್ನೋರು ವಾಪಸ್ ಇಸ್ಕೊಳ್ಳೋ ದಿನ ಕಂಡಿರಲ್ಲ ಬಿಡಿ.

ಆಗ ಹೊಳೆದಿದ್ದು ಇದು: ಸೀಸನ್ ಮುಗಿದ ತಕ್ಷಣ 11 ತಿಂಗಳ ಬಾಡಿಗೆ ಒಟ್ಟಿಗೆ ಕೊಟ್ಟು ರೇಟ್ ಇಳಿಸ್ಕೊಳ್ಳೋದು. ಮಷಿನ್ ಹುಡುಗ್ರೆಲ್ಲ ನಕ್ರು, "ಯಾವ ಓನರ್ ಒಪ್ತಾನೆ ಮಾರಾಯ" ಅಂತ. ನಾಲ್ಕೈದು ಕಡೆ ಒಪ್ಪಲೂ ಇಲ್ಲ. ಒಟ್ಟು ದುಡ್ಡಿನ ಗರಜು ಇರೋ ಓನರ್‌ನೇ ಹುಡುಕ್ಬೇಕು, ಅದು ಮನೆ ನೋಡಿದ್ರೇ ಗೊತ್ತಾಗುತ್ತೆ. ವಿನೋಬನಗರದಲ್ಲಿ ಒಂದು ಮನೆ, ಹಾಲ್ ಸೀಲಿಂಗ್ ತುಂಬ ಕಂದು ಕಲೆ, ಒಂದು ಮೂಲೇಲಿ ಗಾರೆ ಉದುರಿ ಕಬ್ಬಿಣ ಕಾಣ್ತಿತ್ತು. ಓನರಮ್ಮ ಮಳೆಗಾಲದೊಳಗೆ ತಾರಸಿ ಮೇಲೆ ಶೀಟ್ ಹಾಕಿಸ್ಬೇಕು, ಎಂಬತ್ತು ಸಾವಿರ ಕೇಳ್ತಿದಾರೆ ಅಂತ ಒದ್ದಾಡ್ತಿದ್ರು. 8,500 ಹೇಳಿದ್ದನ್ನ 7,500ಕ್ಕೆ ತಂದೆ, 82,500 ಒಂದೇ ಸಲ ಅವರ ಅಕೌಂಟಿಗೇ ಹಾಕ್ದೆ. ಅಡ್ವಾನ್ಸು ಬರೀ ಎರಡು ತಿಂಗಳದ್ದು. ನನ್ ದುಡ್ಡಲ್ಲೇ ಶೀಟ್ ಬಿತ್ತು, ಸೋರೋದೂ ನಿಲ್ತು! ಬಡ್ಡಿ ಸೇರಿಸಿದ್ರೆ ವರ್ಷಕ್ಕೆ ಹದಿನೇಳು ಸಾವಿರ ಉಳೀತು.

ಮಧ್ಯದಲ್ಲಿ ಮನೆ ಬಿಟ್ರೆ, ಬಿಡಿಸಿದ್ರೆ, ಮಾರಿದ್ರೆ ಉಳಿದ ತಿಂಗಳ ದುಡ್ಡು ಇಷ್ಟು ದಿನದೊಳಗೆ ವಾಪಸ್ ಅಂತ ಅಗ್ರಿಮೆಂಟಲ್ಲಿ ಬರೆಸ್ಲೇಬೇಕು. 11 ತಿಂಗಳೇ ಇರ್ಲಿ, ಒಂದು ವರ್ಷ ಮೀರಿದ್ರೆ ರಿಜಿಸ್ಟರ್ ಮಾಡಿಸ್ಬೇಕಾಗುತ್ತೆ. ಇನ್ನೊಂದು ಸಾಲು ಬರೆಸಿದೀನಿ, ಅದನ್ನ ಇಲ್ಲಿ ಹೇಳಲ್ಲ, ಓನರ್‌ಗಳೂ ಓದ್ತಾರೆ. ಮೊದಲ ರೇಟ್ ಯಾರು ಹೇಳ್ಬೇಕು ಅನ್ನೋದೂ ನನ್ ಹತ್ರನೇ ಇರ್ಲಿ.

ಮನೆ ನೋಡೋವಾಗ ಮೀಟರ್ ನೋಡೋದು ಮರೀಬೇಡಿ. ಹಳೇ ಮನೇಲಿ ಸಬ್ ಮೀಟರ್, ಇಡೀ ಬಿಲ್ಡಿಂಗ್‌ಗೆ ಒಂದೇ ಆರ್‌ಆರ್ ನಂಬರ್ (ಕರೆಂಟ್ ಕನೆಕ್ಷನ್ ನಂಬರ್), ಎಲ್ಲರದ್ದೂ ಸೇರಿ 200 ಯೂನಿಟ್ ದಾಟಿ ಗೃಹಜ್ಯೋತಿ ಇದ್ದೂ ಇಲ್ದಂಗೆ, ಪೂರ್ತಿ ಬಿಲ್ ಕಟ್ಬೇಕು. ಇಲ್ಲಿ ಬೇರೆ ಮೀಟರ್ ಇದೆ, ಹಿಂದಿನ ಬಾಡಿಗೆಯವರ ಆಧಾರ್ ಡಿಲಿಂಕ್ ಮಾಡಿಸಿ ನಂದು ಸೇರಿಸಿದ್ಮೇಲೆ ಮೆಸ್ಕಾಂ ಬಿಲ್ ಸೊನ್ನೆ ಬರ್ತಿದೆ.

ನಕ್ಕಿದ್ದ ಹುಡುಗ್ರಲ್ಲಿ ಒಬ್ಬ ಭದ್ರಾವತೀಲಿ ಆರಾರು ತಿಂಗಳ ಲೆಕ್ಕದಲ್ಲಿ ಶುರು ಮಾಡಿದಾನೆ, ಅವನಿಗೆ 400 ಇಳಿದಿದೆಯಂತೆ. ನಮ್ಮ ಓನರಮ್ಮ ಈ ಸಲ 8,000 ಮಾಡಪ್ಪ ಅಂತಿದಾರೆ, ನಾನು 7,700ಕ್ಕೆ ನಿಂತಿದೀನಿ.