ಐದು ಲೀಟರ್ ದ್ರಾಕ್ಷಿರಸಕ್ಕೆ ಒಂದು ತಂಪು ಪೆಟ್ಟಿಗೆ

ನಮ್ಮದು ರಾಜಾಜಿನಗರದಲ್ಲಿ ಮೇಲಂತಸ್ತಿನ ಮನೆ. ಮಾರ್ಚ್ ಬಂತೆಂದರೆ ತಾರಸಿಯ ಕೆಳಗಿನ ಕೋಣೆ ರಾತ್ರಿಯೂ 28 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಅಲ್ಲಿಟ್ಟ ಬೆಂಗಳೂರು ನೀಲಿ ದ್ರಾಕ್ಷಿಯ ವೈನ್ ಮೊದಲ ವರ್ಷ ಮೂರೇ ದಿನದಲ್ಲಿ ಉಕ್ಕಿ ಮುಗಿಯಿತು. ಆ ಹಣ್ಣಿಗೇ ವಿಶೇಷವಾದ ಘಮವೆಲ್ಲ ಗುಳ್ಳೆಗಳ ಜೊತೆ ಹಾರಿಹೋಗಿ, ಉಳಿದದ್ದು ಉಗುರುಬಣ್ಣ ಅಳಿಸುವ ದ್ರವದ ವಾಸನೆ.

ತೆಳುಗೆಂಪು ವೈನಿಗೆ 18 ಡಿಗ್ರಿ ಆಸುಪಾಸು ಬೇಕು. "ಫ್ರಿಜ್ ಇದೆಯಲ್ಲ ರೀ" ಎಂದಳು ಹೆಂಡತಿ. ಫ್ರಿಜ್ಜಿನ 4 ಡಿಗ್ರಿಯಲ್ಲಿ ಯೀಸ್ಟ್ ಮಲಗಿಬಿಡುತ್ತದೆ. ಮೇಲಾಗಿ ಅಲ್ಲಿ ದೋಸೆಹಿಟ್ಟಿನ ಪಾತ್ರೆಯನ್ನು ಕದಲಿಸುವ ಧೈರ್ಯ ನನಗಿಲ್ಲ. ಇಳಿಸಬೇಕಾದದ್ದು ಹತ್ತೇ ಡಿಗ್ರಿ. ಅಷ್ಟಕ್ಕೆ ವಿದ್ಯುತ್ತಿನಿಂದ ತಂಪಾಗುವ ಪೆಲ್ಟಿಯರ್ ಬಿಲ್ಲೆ ಸಾಕೆಂದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋದೆ.

ಸಿಕ್ಕಿದ್ದು ಟಿಇಸಿ1-12706. 40 ಮಿಲಿಮೀಟರ್ ಚೌಕದ ಬಿಳಿ ಪಿಂಗಾಣಿ ಬಿಲ್ಲೆ. ಒಳಗೆ 127 ಜೋಡಿ ಅರೆವಾಹಕ ತುಂಡುಗಳು, ಗರಿಷ್ಠ ಸುಮಾರು 6 ಆಂಪಿಯರ್. ವಿದ್ಯುತ್ ಹರಿದರೆ ಒಂದು ಮುಖ ತಣ್ಣಗೆ, ಇನ್ನೊಂದು ಬಿಸಿ. ಪೆಟ್ಟಿಗೆ ಮಾತ್ರ ರಸೆಲ್ ಮಾರುಕಟ್ಟೆಯದು, ಮೀನು ತುಂಬಿ ಬರುವ ದಪ್ಪ ಥರ್ಮೋಕೋಲ್ ಡಬ್ಬಿ. ಅಡುಗೆ ಸೋಡಾ ಹಾಕಿ ತೊಳೆದು ನಾಲ್ಕು ದಿನ ಬಿಸಿಲಿಗಿಟ್ಟರೂ ಮಲ್ಪೆಯ ನೆನಪು ಪೂರ್ತಿ ಹೋಗಲಿಲ್ಲ.

ಮೊದಲ ಪ್ರಯತ್ನ ನಗೆಪಾಟಲು. ಹೊರಮುಖಕ್ಕೆ ಶಾಖವನ್ನು ಗಾಳಿಗೆ ಬಿಡುವ, ಬೆಂಕಿಪೊಟ್ಟಣದಷ್ಟು ಅಲ್ಯೂಮಿನಿಯಂ ಹೀಟ್‌ಸಿಂಕ್ ಅಂಟಿಸಿದ್ದೆ. ಪೆಟ್ಟಿಗೆ ಅರ್ಧ ಗಂಟೆ ತಂಪಾಗಿ, ಆಮೇಲೆ ಮೆಲ್ಲನೆ ಬೆಚ್ಚಗಾಗತೊಡಗಿತು. ಹೀಟ್‌ಸಿಂಕ್ ಮುಟ್ಟಿದೆ, ಬೆರಳು ಚುರ್ರೆಂದಿತು. ಒಳಗಿನಿಂದ ಎತ್ತಿದ ಶಾಖದ ಜೊತೆಗೆ ಬಿಲ್ಲೆ ತಾನು ನುಂಗುವ ಐವತ್ತು ವ್ಯಾಟ್ ಕೂಡ ಅದೇ ಮುಖದಿಂದ ಹೊರಹೋಗಬೇಕು. ದಾರಿ ಸಿಗದಿದ್ದರೆ ಅದು ತೆಳುವಾದ ಬಿಲ್ಲೆಯ ಮೂಲಕವೇ ಒಳಕ್ಕೆ ಮರಳುತ್ತದೆ. ನಾನು ತಣ್ಣನೆಯ ಬದಿಯನ್ನೇ ನೋಡುತ್ತ ಕುಳಿತಿದ್ದೆ, ಕೆಲಸವೆಲ್ಲ ಇದ್ದದ್ದು ಬಿಸಿಯ ಬದಿಯಲ್ಲಿ. ಹಳೆಯ ಕಂಪ್ಯೂಟರಿನಿಂದ ತಾಮ್ರದ ಕೊಳವೆಗಳಿರುವ ದೊಡ್ಡ ಕೂಲರನ್ನು ಫ್ಯಾನ್ ಸಮೇತ ಕಿತ್ತು, ಶಾಖ ದಾಟಿಸುವ ಪೇಸ್ಟನ್ನು ತೆಳ್ಳಗೆ ಸವರಿ ಕೂರಿಸಿದೆ. ಬಿಲ್ಲೆಯ ಸುತ್ತ ಸಿಲಿಕೋನ್ ತುಂಬಿದೆ, ಇಲ್ಲವಾದರೆ ತಣ್ಣನೆಯ ಮುಖದಲ್ಲಿ ಹನಿಗಟ್ಟುವ ನೀರು ಒಳಕ್ಕಿಳಿದು ಅದನ್ನು ಕೆಡಿಸುತ್ತದೆ.

ಎರಡನೆಯ ಪಾಠ ಕಲಿಸಿದ್ದು ರಿಲೇ, ಅಂದರೆ ಥರ್ಮೋಸ್ಟ್ಯಾಟಿನ ಮಾತು ಕೇಳಿ ಬಿಲ್ಲೆಯನ್ನು ಹಚ್ಚಿ ಆರಿಸುವ ಸ್ವಿಚ್ಚು. ಥರ್ಮೋಸ್ಟ್ಯಾಟ್ ಬಿಲ್ಲೆಯನ್ನು ಆರಿಸಿದ ಕ್ಷಣವೇ ಹೀಟ್‌ಸಿಂಕಿನ ಬಿಸಿ ಒಳನುಗ್ಗುತ್ತಿತ್ತು. ಸಂವೇದಕ ಗಾಳಿಯಲ್ಲಿ ತೂಗಾಡುತ್ತಿದ್ದುದರಿಂದ ರಾತ್ರಿಯಿಡೀ ಟಕ್, ಟಕ್. ಈಗ 12 ವೋಲ್ಟಿನ ಬದಲು 8 ವೋಲ್ಟ್ ಕೊಟ್ಟು ಬಿಲ್ಲೆ ಬಹುಪಾಲು ಹೊತ್ತು ಓಡುತ್ತಲೇ ಇರುವಂತೆ ಮಾಡಿದ್ದೇನೆ. ವಿದ್ಯುತ್ ಸುಮಾರು ಅರ್ಧಕ್ಕಿಳಿಯಿತು, ತಂಪು ಅಷ್ಟೇನೂ ಇಳಿಯಲಿಲ್ಲ. ಸಂವೇದಕವನ್ನು ಜಾಡಿಯ ಹೊಟ್ಟೆಗೆ ಒತ್ತಿ, ಮೇಲೊಂದು ಥರ್ಮೋಕೋಲ್ ಚೂರಿಟ್ಟು ಟೇಪು ಸುತ್ತಿದ್ದೇನೆ.

ಲೆಕ್ಕ ಹಾಕಿದಾಗ ಆಶ್ಚರ್ಯವಾಯಿತು. ಐದು ಲೀಟರಿನಲ್ಲಿರುವ ಸುಮಾರು ಒಂದು ಕಿಲೋ ಸಕ್ಕರೆ ಐದಾರು ದಿನಗಳಲ್ಲಿ ಹುದುಗಿದರೆ ಯೀಸ್ಟ್ ಕೊಡುವ ಶಾಖ ಸರಾಸರಿ ಒಂದೂವರೆ ವ್ಯಾಟಿಗೂ ಕಡಿಮೆ. ಪೆಟ್ಟಿಗೆಯ ಗೋಡೆಯಿಂದ ಒಳಬರುವುದು ಅದರ ಐದಾರು ಪಟ್ಟು. ಹಾಗಾಗಿ ಇನ್ನೊಂದು ಬಿಲ್ಲೆಗೆ ದುಡ್ಡು ಸುರಿಯದೆ ಗೋಡೆಗೆ ಇನ್ನೊಂದು ಪದರ ಥರ್ಮೋಕೋಲ್ ಅಂಟಿಸಿದೆ.

ಈ ವರ್ಷ ರಸವನ್ನು ಸಿಪ್ಪೆಯ ಜೊತೆ ನಾಲ್ಕೇ ಗಂಟೆ ಬಿಟ್ಟು ಹಿಂಡಿದೆ. ರಸ 28ರಿಂದ 18ಕ್ಕೆ ಇಳಿಯಲು ಒಂದು ಇಡೀ ರಾತ್ರಿ ಹಿಡಿಯಿತು. ಹುದುಗುವಿಕೆ ಹನ್ನೆರಡು ದಿನ ನಡೆಯಿತು. ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ ಏರ್‌ಲಾಕಿನಲ್ಲಿ ನಾಲ್ಕೈದು ಸೆಕೆಂಡಿಗೊಂದು ಗುಳ್ಳೆ, ಗಡಿಬಿಡಿಯಿಲ್ಲದೆ. ಏಳನೆಯ ದಿನ ಎರಡು ಗಂಟೆ ಕರೆಂಟ್ ಹೋಗಿ ತಾಪಮಾನ 21ಕ್ಕೇರಿತು, ಏಕೆಂದರೆ ನಿಂತ ಬಿಲ್ಲೆ ಶಾಖಕ್ಕೆ ತೆರೆದ ಬಾಗಿಲು. ಅದಕ್ಕೇ ಈಗ ಹೆಪ್ಪುಗಟ್ಟಿದ ನೀರಿನ ಎರಡು ಬಾಟಲಿಗಳು ದೋಸೆಹಿಟ್ಟಿನ ಮೇಲಿನ ಫ್ರೀಜರಿನಲ್ಲಿ ಸಿದ್ಧವಾಗಿರುತ್ತವೆ. ಆ ಜಾಗಕ್ಕೆ ಮನೆಯಲ್ಲಿ ಅನುಮತಿ ಸಿಕ್ಕಿದ್ದು ಮೊದಲ ಲೋಟದ ಘಮ ಮೂಗಿಗೆ ತಾಗಿದ ಮೇಲೆ.