ಇ.ಆರ್. 8/8 ಬಂದರೆ ಅಳಬೇಡಿ: ಸ್ತನದ ಗಡ್ಡೆಯ ಹಾರ್ಮೋನು ರಿಪೋರ್ಟನ್ನು ಓದುವ ಬಗೆ

ಹೋದ ದೀಪಾವಳಿಯ ಮರುವಾರ ನನ್ನ ನಾದಿನಿ ಫೋನು ಮಾಡಿ, "ಅತ್ತಿಗೆ, ಎರಡೂ ಪಾಸಿಟಿವ್ ಬಂದಿವೆ" ಎಂದು ಅಳತೊಡಗಿದಳು. ಯಾವ ಎರಡು ಎಂದರೆ ಹೇಳಲು ಅವಳಿಗೆ ತಿಳಿಯಲಿಲ್ಲ. ರಿಪೋರ್ಟಿನ ಫೋಟೊ ತರಿಸಿಕೊಂಡು ನೋಡಿದೆ: ಇ.ಆರ್. 8/8, ಪಿ.ಆರ್. 7/8, ಹರ್-2 1+. ನನಗೆ ಹೋದ ಜೀವ ಬಂದಂತಾಯಿತು. ಇಪ್ಪತ್ತೆಂಟು ವರ್ಷ ಬಯಾಪ್ಸಿ ತುಣುಕುಗಳನ್ನು ಕತ್ತರಿಸಿ ಬಣ್ಣ ಹಾಕಿದ ತಂತ್ರಜ್ಞೆ ನಾನು. ಆದರೂ ಆ ಸಮಾಧಾನವನ್ನು ಅವಳಿಗೆ ದಾಟಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು 'ಪಾಸಿಟಿವ್' ಎಂಬ ಪದದ ಭಯ ಬಿಡಿ. ಕ್ಯಾನ್ಸರ್ ಇದೆ ಎಂಬುದು ಬಯಾಪ್ಸಿಯಲ್ಲಿ ಆಗಲೇ ಗೊತ್ತಾಗಿರುತ್ತದೆ. ಈ ಎರಡನೆಯ ರಿಪೋರ್ಟು ಕೇಳುವ ಪ್ರಶ್ನೆ ಬೇರೆ: ಗಡ್ಡೆ ಯಾವುದನ್ನು ಉಂಡು ಬೆಳೆಯುತ್ತಿದೆ? ಇ.ಆರ್. ಎಂದರೆ ಈಸ್ಟ್ರೋಜನ್ ಗ್ರಾಹಕ. ರಕ್ತದಲ್ಲಿ ಬರುವ ಈಸ್ಟ್ರೋಜನ್ ಕೋಶದೊಳಗೆ ಹೊಕ್ಕು, ಕೋಶಕೇಂದ್ರದಲ್ಲಿರುವ ಈ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಆ ಜೋಡಿ ಡಿಎನ್ಎ ಮೇಲೆ ಕುಳಿತು, ಕೋಶ ಇಬ್ಭಾಗವಾಗಲು ಬೇಕಾದ ಜೀನುಗಳನ್ನು ಎಬ್ಬಿಸುತ್ತದೆ. ಆರೋಗ್ಯವಂತ ಸ್ತನದಲ್ಲೂ ತಿಂಗಳು ತಿಂಗಳು ನಡೆಯುವ ಕೆಲಸವಿದು. ಅಲ್ಲಿ ಅಂಕೆಯಿದೆ, ಗಡ್ಡೆಯಲ್ಲಿಲ್ಲ. ಪಾಸಿಟಿವ್ ಎಂದರೆ ಆ ಗಡ್ಡೆಗೆ ಹಾರ್ಮೋನಿನ ಆಸರೆ ಇದೆ, ಅದನ್ನು ತಪ್ಪಿಸಲು ಮಾತ್ರೆಗಳಿವೆ ಎಂದರ್ಥ. ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್, ಅಂಡಾಶಯ ತೆಗೆದಾಗ ಕೆಲವರ ಸ್ತನದ ಗಡ್ಡೆ ಕುಗ್ಗುತ್ತದೆ ಎಂದು 1896ರಲ್ಲೇ ಬರೆದಿದ್ದ. ಆಗಿನ್ನೂ 'ಹಾರ್ಮೋನು' ಎಂಬ ಪದವೇ ಹುಟ್ಟಿರಲಿಲ್ಲ.

ಇನ್ನು ಅಂಕಗಳು. ನಮ್ಮ ಪ್ರಯೋಗಾಲಯದಲ್ಲಿ ಮೂರು ನಾಲ್ಕು ಮೈಕ್ರಾನ್ ತೆಳುವಾಗಿ ಕತ್ತರಿಸಿದ ತುಣುಕನ್ನು ಗಾಜಿನ ಮೇಲೆ ಹಿಡಿದು, ದ್ರಾವಣದಲ್ಲಿ ಮುಳುಗಿಸಿ ಕುದಿಸುತ್ತಿದ್ದೆವು. ತುಣುಕು ಕೆಡದಂತೆ ಮುಳುಗಿಸಿಡುವ ಫಾರ್ಮಲಿನ್ ದ್ರವ ಬಿಗಿದು ಮುಚ್ಚಿಟ್ಟ ಪ್ರೋಟೀನುಗಳನ್ನು ಬಿಡಿಸಲು ಹಾಗೆ ಮಾಡಬೇಕು. ಯಾವುದರಲ್ಲಿ ಅಂತೀರಾ? ಅನ್ನ ಮಾಡುವ ಪ್ರೆಷರ್ ಕುಕ್ಕರಿನಲ್ಲಿ! ಬಳಿಕ ಗ್ರಾಹಕವನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯ ಹಾಕಿ ಬಣ್ಣ ಹತ್ತಿಸಿದರೆ, ಗ್ರಾಹಕ ಇರುವ ಕೋಶಕೇಂದ್ರಗಳು ಕಂದು, ಇಲ್ಲದವು ನೀಲಿ. ವೈದ್ಯರು ನೋಡುವುದು ಎರಡನ್ನು: ಎಷ್ಟು ಕೋಶಗಳು ಕಂದಾಗಿವೆ, ಎಷ್ಟು ಗಾಢವಾಗಿವೆ. ಮೊದಲನೆಯದಕ್ಕೆ 0ರಿಂದ 5, ಎರಡನೆಯದಕ್ಕೆ 0ರಿಂದ 3. ಕೂಡಿದರೆ ಎಂಟಕ್ಕೆ ಎಷ್ಟು ಎಂಬ ಅಂಕ. ಕಂದು ಕಂಡರೆ ಎರಡೂ ಕಡೆ ಕನಿಷ್ಠ ಒಂದೊಂದು ಅಂಕ ಬೀಳುವುದರಿಂದ ಈ ಲೆಕ್ಕದಲ್ಲಿ 1 ಎಂಬ ಮೊತ್ತವೇ ಇಲ್ಲ. ನಿಮ್ಮ ರಿಪೋರ್ಟಿನಲ್ಲಿ 1/8 ಎಂದಿದ್ದರೆ ಬೆರಳಚ್ಚಿನ ತಪ್ಪು, ಹೋಗಿ ಕೇಳಿ. ಕೆಲವು ಕಡೆ ಅಂಕದ ಬದಲು ಶೇಕಡಾವಾರು ಕೊಡುತ್ತಾರೆ. ಶೇ. 1ಕ್ಕಿಂತ ಕಡಿಮೆಯಿದ್ದರೆ ನೆಗೆಟಿವ್. 1ರಿಂದ 10ರವರೆಗೆ 'ಲೋ ಪಾಸಿಟಿವ್', ಅಂದರೆ ಮಾತ್ರೆಯಿಂದ ಎಷ್ಟು ಪ್ರಯೋಜನ ಎಂದು ವೈದ್ಯರ ಎದುರು ಕುಳಿತು ಚರ್ಚಿಸಬೇಕಾದ ಜಾಗ.

ಪಿ.ಆರ್. ಪ್ರೊಜೆಸ್ಟರಾನಿನ ಗ್ರಾಹಕ. ಈಸ್ಟ್ರೋಜನ್ ಗ್ರಾಹಕ ಕೆಲಸ ಮಾಡುತ್ತಿದ್ದರೆ ಅದರ ಅಪ್ಪಣೆಯ ಮೇರೆಗೆ ತಯಾರಾಗುವ ವಸ್ತು ಇದು. ಹಾಗಾಗಿ ಎರಡೂ ಚೆನ್ನಾಗಿ ಬಂದರೆ ಯಂತ್ರ ಓಡುತ್ತಿದೆ ಎಂಬ ಪುರಾವೆ. ಇ.ಆರ್. ನೆಗೆಟಿವ್, ಪಿ.ಆರ್. ಮಾತ್ರ ಪಾಸಿಟಿವ್ ಬಂದರೆ ನಾನಾಗಿದ್ದರೆ ಮತ್ತೊಮ್ಮೆ ಬಣ್ಣ ಹಾಕುತ್ತಿದ್ದೆ. ಹರ್-2 ಹಾರ್ಮೋನಿಗೆ ಸೇರಿದ್ದಲ್ಲ, ಕೋಶದ ಹೊರಪೊರೆಯ ಪ್ರೋಟೀನು. ಅದಕ್ಕೆ 3+ ಬಂದರೆ ಪಾಸಿಟಿವ್. 2+ ಬಂದರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಆಗುವವರೆಗೆ ತೀರ್ಮಾನವಿಲ್ಲ. ಕೆಐ-67 ಎಷ್ಟು ಕೋಶಗಳು ವಿಭಜನೆಯಲ್ಲಿ ತೊಡಗಿವೆ ಎಂದು ಶೇಕಡಾವಾರು ಹೇಳುತ್ತದೆ. ಎಣಿಸುವವರ ಕಣ್ಣಿನ ಮೇಲೆ ಐದಾರು ಅಂಕ ಆಚೀಚೆ ಆಗುವುದುಂಟು.

ನಾನು ಒತ್ತಿ ಹೇಳಬೇಕಾದದ್ದು ನೆಗೆಟಿವ್ ರಿಪೋರ್ಟಿನ ಬಗ್ಗೆ. ಒಮ್ಮೆ ಒಂದು ಸಣ್ಣ ಆಸ್ಪತ್ರೆಯಿಂದ ಶನಿವಾರ ತೆಗೆದ ಗಡ್ಡೆ ನಮ್ಮಲ್ಲಿಗೆ ಸೋಮವಾರ ಬಂತು, ಬರೀ ಸಲೈನಿನಲ್ಲಿ. ಅದು ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್ ಸೇರಿ, ಅದರಲ್ಲಿ 6ರಿಂದ 72 ಗಂಟೆ ಇರಬೇಕಿತ್ತು. ಬಣ್ಣ ಹಾಕಿದಾಗ ಎಲ್ಲ ನೀಲಿ. ಆದರೆ ಸ್ಲೈಡಿನ ಅಂಚಿನಲ್ಲಿ ಆರೋಗ್ಯವಾಗಿದ್ದ ಹಾಲಿನ ನಾಳಗಳೂ ನೀಲಿಯಾಗಿದ್ದವು. ಅವುಗಳಲ್ಲಿ ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ ಇರಲೇಬೇಕು. ಗ್ರಾಹಕ ಇಲ್ಲದ್ದಲ್ಲ, ಕೊಳೆತು ಹಾಳಾದದ್ದು. ಅದೃಷ್ಟಕ್ಕೆ ಆಪರೇಷನ್ನಿಗೆ ಮುಂಚೆ ಸೂಜಿಯಿಂದ ತೆಗೆದ ತುಣುಕು ಬೇರೊಂದು ಕಡೆ ಉಳಿದಿತ್ತು. ಅದನ್ನು ತರಿಸಿ ಮಾಡಿದರೆ 7/8! ಇಲ್ಲದಿದ್ದರೆ ಆಕೆಗೆ ಸಿಗಬೇಕಾದ ಮಾತ್ರೆ ಸಿಗುತ್ತಲೇ ಇರಲಿಲ್ಲ. ಆದ್ದರಿಂದ ನೆಗೆಟಿವ್ ಬಂದರೆ ಒಂದೇ ಪ್ರಶ್ನೆ ಕೇಳಿ: "ಒಳಗಿನ ಕಂಟ್ರೋಲ್ ಬಣ್ಣ ಹಿಡಿದಿದೆಯೇ?" ಅಂದರೆ, ಅದೇ ಸ್ಲೈಡಿನ ಆರೋಗ್ಯವಂತ ನಾಳಗಳಲ್ಲಿ ಕಂದು ಕಂಡಿದೆಯೇ ಎಂದು. ಕೇಳಲು ಮುಜುಗರ ಬೇಡ. ಒಳ್ಳೆಯ ಪೆಥಾಲಜಿಸ್ಟ್ ಆ ಪ್ರಶ್ನೆಗೆ ಖುಷಿಪಡುತ್ತಾರೆ.

ಪಾಸಿಟಿವ್ ಬಂದವರಿಗೆ ಮಾತ್ರೆ ಯಾವುದು ಎಂಬುದು ಮುಟ್ಟಿನ ಮೇಲೆ ಅವಲಂಬಿಸಿದೆ, ಆದ್ದರಿಂದ ಆ ವಿಷಯ ವೈದ್ಯರಿಗೆ ಸರಿಯಾಗಿ ಹೇಳಿ. ಟಮಾಕ್ಸಿಫೆನ್ ಗ್ರಾಹಕದ ಜಾಗವನ್ನು ತಾನೇ ಹಿಡಿದು ಕೂರುತ್ತದೆ. ಮುಟ್ಟು ಇರುವವರಿಗೂ ನಡೆಯುತ್ತದೆ. ಸಾಮಾನ್ಯವಾಗಿ ದಿನಕ್ಕೆ 20 ಮಿಲಿಗ್ರಾಂ, ಕನಿಷ್ಠ ಐದು ವರ್ಷ. ಮುಟ್ಟು ನಿಂತವರಲ್ಲಿ ಈಸ್ಟ್ರೋಜನ್ ಬರುವುದು ಹೆಚ್ಚಾಗಿ ಕೊಬ್ಬಿನಲ್ಲಿರುವ ಅರೊಮಟೇಸ್ ಎಂಬ ಕಿಣ್ವದಿಂದ. ಲೆಟ್ರೊಜೋಲ್ ಅದನ್ನೇ ಕಟ್ಟಿಹಾಕುತ್ತದೆ, ಬದಲಿಗೆ ಮೂಳೆ ಸವೆಸುತ್ತದೆ. ಟಮಾಕ್ಸಿಫೆನ್ ತೆಗೆದುಕೊಳ್ಳುವವರು ಕಾಲು ಊದಿದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅಂದೇ ಹೋಗಿ ತೋರಿಸಬೇಕು. ಖಿನ್ನತೆಗೆ ಪ್ಯಾರಾಕ್ಸೆಟಿನ್ ನುಂಗುತ್ತಿದ್ದರೆ ಮೊದಲೇ ಹೇಳಿ, ಅದು ಟಮಾಕ್ಸಿಫೆನ್ನಿನ ಕೆಲಸ ಕುಂದಿಸುತ್ತದೆ. ಸೆಕೆಯ ಅಲೆ ತಾಳಲಾರದೆ ಮಾತ್ರೆಯನ್ನು ತಾವೇ ನಿಲ್ಲಿಸಿದವರನ್ನು ನಾನು ಬಹಳ ಕಂಡಿದ್ದೇನೆ. ನಿಲ್ಲಿಸುವ ಮೊದಲು ಒಂದು ಮಾತು ವೈದ್ಯರಿಗೆ ತಿಳಿಸಿದರೆ ಬೇರೆ ಮಾತ್ರೆ ಕೊಡಬಹುದು.

ಕೊನೆಗೆ, ರಿಪೋರ್ಟಿನ ಜೊತೆ ಪ್ಯಾರಾಫಿನ್ ಬ್ಲಾಕನ್ನೂ, ಅಂದರೆ ಗಡ್ಡೆಯ ತುಣುಕನ್ನು ಹುದುಗಿಸಿಟ್ಟ ಮೇಣದ ಗಟ್ಟಿಯನ್ನೂ, ಕೇಳಿ ಪಡೆಯಿರಿ; ಎರಡನೆಯ ಅಭಿಪ್ರಾಯಕ್ಕೆ ಅದೇ ಬೇಕು. ಅದು ಮೇಣ, ಬಿಸಿ ತಾಗಬಾರದು. ನಾದಿನಿ ತನ್ನದನ್ನು ದೇವರ ಮನೆಯಲ್ಲಿ, ದೀಪದ ಪಕ್ಕದಲ್ಲೇ ಇಟ್ಟಿದ್ದಳು. ನಾನು ಹೋದ ದಿನ ಮೊದಲ ಕೆಲಸವೆಂದು ಅದನ್ನು ಬೀರುವಿಗೆ ಸಾಗಿಸಿದೆ.